ಹತ್ತು ವರ್ಷದ ವಾಯಿದೆ

1913ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ ಅವರು ನ್ಯೂಯಾರ್ಕಿನ ಒಂದು ನಾಟಕ ಪತ್ರಿಕೆಗೆ ಸಂದರ್ಶನವಿತ್ತರು. ವಿದ್ಯುದ್ದೀಪವನ್ನು ಮನೆಮನೆಗೆ ತಂದ, ಧ್ವನಿಮುದ್ರಣ ಯಂತ್ರವನ್ನು ಕಂಡುಹಿಡಿದ ಆ ಮಹಾನುಭಾವರ ಮಾತಿಗೆ ಆಗ ಲೋಕವೆಲ್ಲ ಕಿವಿಗೊಡುತ್ತಿತ್ತು. ಅವರು ಹೇಳಿದ್ದರ ಸಾರಾಂಶ ಇಷ್ಟು: ಶಾಲೆಗಳಲ್ಲಿ ಪುಸ್ತಕಗಳ ಕಾಲ ಮುಗಿಯುತ್ತ ಬಂದಿದೆ, ಇನ್ನು ಮೇಲೆ ಮಕ್ಕಳು ಕಣ್ಣಿನ ಮೂಲಕವೇ ಕಲಿಯುತ್ತಾರೆ, ಮಾನವ ಜ್ಞಾನದ ಯಾವ ಶಾಖೆಯನ್ನಾದರೂ ಚಲನಚಿತ್ರದಿಂದ ಕಲಿಸಬಹುದು, ಹತ್ತು ವರ್ಷಗಳಲ್ಲಿ ಶಾಲೆಯ ಪದ್ಧತಿಯೇ ಸಂಪೂರ್ಣ ಬದಲಾಗುತ್ತದೆ. ಈ ಮಾತನ್ನು ಹೇಳುವಾಗ ಶಾಲೆಗಳಿಗಾಗಿ ಚಿತ್ರಗಳನ್ನು ತಯಾರಿಸುವ ಉದ್ಯಮಕ್ಕೂ ಅವರು ಕೈಹಾಕಿದ್ದರೆಂಬುದನ್ನು ನಾವು ಮರೆಯುವಂತಿಲ್ಲ.

ಹತ್ತು ವರ್ಷ ಕಳೆಯುತ್ತ ಬಂತು. ಪುಸ್ತಕಗಳು ಇದ್ದಲ್ಲೇ ಇದ್ದವು, ಉಪಾಧ್ಯಾಯರೂ ಇದ್ದಲ್ಲೇ ಇದ್ದರು. 1922ರಲ್ಲಿ ಎಡಿಸನ್ ಅವರು ಮತ್ತೊಮ್ಮೆ ಅದೇ ಮಾತನ್ನು ಆಡಿದರು: ಇನ್ನು ಕೆಲವೇ ವರ್ಷಗಳಲ್ಲಿ ಪಠ್ಯಪುಸ್ತಕಗಳ ಸ್ಥಾನವನ್ನು ಚಲನಚಿತ್ರ ಬಹುಮಟ್ಟಿಗೆ ಆಕ್ರಮಿಸಿಕೊಳ್ಳಲಿದೆ ಎಂದರು. ವಾಯಿದೆ ಮುಂದಕ್ಕೆ ಹೋಯಿತೇ ಹೊರತು ಭರವಸೆ ಕಡಿಮೆಯಾಗಲಿಲ್ಲ.

ಈ ಹಳೆಯ ಕಥೆಯನ್ನು ಈಗ ನೆನೆಯಲು ಕಾರಣವಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಯಂತ್ರ ಜನರ ಕೈಗೆ ಬಂದಂದಿನಿಂದ ಕೃತಕ ಬುದ್ಧಿಮತ್ತೆ ಎಂಬ ಮಾತು ಎಲ್ಲರ ಬಾಯಲ್ಲೂ ನಲಿದಾಡುತ್ತಿದೆ. ಪ್ರತಿ ಮಗುವಿಗೂ ಒಬ್ಬೊಬ್ಬ ಖಾಸಗಿ ಶಿಕ್ಷಕ, ಅದೂ ದಣಿವರಿಯದ, ಸಿಟ್ಟಾಗದ ಶಿಕ್ಷಕ, ಎಂಬ ಜಾಹೀರಾತು ನಮ್ಮ ಮನೆಗಳನ್ನೂ ಮುಟ್ಟಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನಮ್ಮಂಥ ಸಂಘಗಳು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಅ ಆ ಇ ಈ ತಿದ್ದಿಸುತ್ತವಲ್ಲ, ಆ ತರಗತಿಗಳ ಬಗೆಗೂ ಈಗ ಪ್ರಶ್ನೆ ಎದ್ದಿದೆ. ಯಂತ್ರವೇ ಕನ್ನಡ ಕಲಿಸುವಾಗ ಈ ಪಾಡು ಯಾಕೆ, ಬಾಡಿಗೆಯ ಕೋಣೆ ಯಾಕೆ, ಶಿಕ್ಷಕಿಗೆ ಗೌರವಧನ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅನ್ಯಾಯವಾದದ್ದಲ್ಲ. ಆದರೆ ಉತ್ತರ ಕೊಡುವ ಮೊದಲು, ಇದೇ ಭರವಸೆಯನ್ನು ಹಿಂದೆ ಯಾರು ಯಾರು ಕೊಟ್ಟರು, ಅದರ ಗತಿ ಏನಾಯಿತು ಎಂಬುದನ್ನು ನೋಡುವುದು ವಿವೇಕ.

ಯಂತ್ರವನ್ನು ಶಪಿಸುವುದು ನಮ್ಮ ಉದ್ದೇಶವಲ್ಲ. ಹೊರನಾಡಿಗೆ ಬಂದ ಕನ್ನಡ ಕುಟುಂಬಗಳಲ್ಲಿ ಎಷ್ಟೋ ಕುಟುಂಬಗಳ ಅನ್ನ ಗಣಕಯಂತ್ರದ್ದೇ. ನಾವು ಪರೀಕ್ಷಿಸಬೇಕಾದದ್ದು ಯಂತ್ರದ ಸುತ್ತ ಬೆಳೆದಿರುವ ಪ್ರಚಾರವನ್ನು.

ಚಲನಚಿತ್ರದ ಬಳಿಕ ಬಂದದ್ದು ಗುಂಡಿ ಒತ್ತುವ ಯಂತ್ರ. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿಡ್ನಿ ಪ್ರೆಸ್ಸಿ ಎಂಬವರು 1924ರಲ್ಲಿ ಬೆರಳಚ್ಚು ಯಂತ್ರದಂಥ ಒಂದು ಪೆಟ್ಟಿಗೆಯನ್ನು ವಿದ್ವಾಂಸರ ಸಭೆಯಲ್ಲಿ ತೋರಿಸಿದರು. ಕಿಟಕಿಯಲ್ಲಿ ಪ್ರಶ್ನೆ ಕಾಣುತ್ತದೆ. ವಿದ್ಯಾರ್ಥಿ ನಾಲ್ಕು ಕೀಲಿಗಳಲ್ಲಿ ಒಂದನ್ನು ಒತ್ತುತ್ತಾನೆ. ಸರಿಯಾದರೆ ಮುಂದಿನ ಪ್ರಶ್ನೆ, ತಪ್ಪಾದರೆ ಅಲ್ಲೇ ಠಿಕಾಣಿ. ಸರಿಯುತ್ತರ ಕೊಟ್ಟವನಿಗೆ ಮಿಠಾಯಿ ಉದುರಿಸುವ ಒಂದು ಉಪಕರಣವನ್ನೂ ಅದಕ್ಕೆ ಜೋಡಿಸಬಹುದಾಗಿತ್ತು. ಉಪಾಧ್ಯಾಯರ ಹೊರೆ ಇಳಿಯುತ್ತದೆ, ಶಿಕ್ಷಣದಲ್ಲಿ ಕೈಗಾರಿಕಾ ಕ್ರಾಂತಿ ಆಗುತ್ತದೆ ಎಂಬುದು ಅವರ ನಂಬಿಕೆ. ಆದರೆ ಬಂದದ್ದು 1929ರ ಆರ್ಥಿಕ ಕುಸಿತ. ಶಾಲೆಗಳಲ್ಲಿ ಹಣವಿಲ್ಲ, ಬೀದಿಯಲ್ಲಿ ಕೆಲಸವಿಲ್ಲದ ಶಿಕ್ಷಕರು. ಶಿಕ್ಷಕರ ಶ್ರಮ ಉಳಿಸುವ ಯಂತ್ರ ಯಾರಿಗೆ ಬೇಕು? 1932ರಲ್ಲಿ ಪ್ರೆಸ್ಸಿಯವರು ಆ ಕೆಲಸವನ್ನು ಕೈಬಿಡುವುದಾಗಿ ಸಾರಿದರು.

ಇಪ್ಪತ್ತು ವರ್ಷಗಳ ತರುವಾಯ ಅದೇ ಯಂತ್ರ ಬೇರೆ ವೇಷದಲ್ಲಿ ಬಂತು. 1953ರ ನವೆಂಬರಿನಲ್ಲಿ ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರು ತಮ್ಮ ಮಗಳ ನಾಲ್ಕನೆಯ ತರಗತಿಯ ಗಣಿತದ ಪಾಠಕ್ಕೆ ಹೋಗಿ ಕುಳಿತರು. ಎಲ್ಲ ಮಕ್ಕಳಿಗೂ ಒಂದೇ ಲೆಕ್ಕ. ಬಲ್ಲವರು ಮುಗಿಸಿ ಸುಮ್ಮನೆ ಕೂತಿದ್ದಾರೆ, ಬಾರದವರು ತಲೆ ಕೆರೆದುಕೊಳ್ಳುತ್ತಿದ್ದಾರೆ, ಮಾಡಿದ್ದು ಸರಿಯೋ ತಪ್ಪೋ ಎಂಬುದು ಯಾರಿಗೂ ಆಗಲೇ ತಿಳಿಯುವುದಿಲ್ಲ. ಸ್ಕಿನ್ನರ್ ಅವರು ಕಂಡ ಈ ದೋಷ ನಿಜವಾದದ್ದು. ದೊಡ್ಡ ತರಗತಿಯಲ್ಲಿ ಪಾಠ ಹೇಳಿದ ಯಾವ ಮೇಷ್ಟರೂ ಅದನ್ನು ಅಲ್ಲಗಳೆಯಲಾರರು. ಅವರು ಒಂದು ಪೆಟ್ಟಿಗೆಯನ್ನು ಕಟ್ಟಿ 1954ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಪ್ರದರ್ಶಿಸಿದರು, 1958ರಲ್ಲಿ ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಅದರ ಕುರಿತು ಲೇಖನ ಬರೆದರು. ಹಿಂದಿನ ವರ್ಷವಷ್ಟೇ ರಷ್ಯದ ಸ್ಪುಟ್ನಿಕ್ ಆಕಾಶಕ್ಕೆ ಹಾರಿತ್ತು. ತಮ್ಮ ಮಕ್ಕಳು ಹಿಂದೆ ಬಿದ್ದರೆಂಬ ಭಯ ಅಮೆರಿಕದ ತಂದೆತಾಯಿಗಳನ್ನು ಆವರಿಸಿತ್ತು.

ಭಯವಿರುವಲ್ಲಿ ವ್ಯಾಪಾರ ಸಲೀಸು. 1960ರ ಸುಮಾರಿಗೆ ಹತ್ತಾರು ಕಂಪನಿಗಳು ಬೋಧನಾಯಂತ್ರಗಳ ಮಾರಾಟಕ್ಕಿಳಿದವು. ವಿಶ್ವಕೋಶ ಮಾರುತ್ತಿದ್ದ ಒಂದು ಪ್ರಕಾಶನ ಸಂಸ್ಥೆಯ ಏಜೆಂಟರು ಪ್ಲಾಸ್ಟಿಕ್ಕಿನ ಬೋಧನಾಯಂತ್ರಗಳನ್ನು ಹೊತ್ತು ಮನೆಬಾಗಿಲಿಗೇ ಬಂದರು. ಕೆಲವು ವರ್ಷಗಳಲ್ಲಿ ಅವೆಲ್ಲ ಅಟ್ಟ ಸೇರಿದವು. ಯಂತ್ರ ಚೆನ್ನಾಗಿಯೇ ತಿರುಗುತ್ತಿತ್ತು; ಒಳಗೆ ಹಾಕಲು ತಕ್ಕ ಪಾಠಗಳಿರಲಿಲ್ಲ. ಒಂದೊಂದೇ ಖಾಲಿ ಜಾಗ ತುಂಬುತ್ತ ಕೂರುವುದು ಮಕ್ಕಳಿಗೆ ಬೇಸರ ತಂದಿತು. ಮಗು ತಪ್ಪು ಮಾಡಿದಾಗ ಯಂತ್ರಕ್ಕೆ ತಪ್ಪೆಂದು ಗೊತ್ತಾಗುತ್ತಿತ್ತೇ ಹೊರತು ಏಕೆ ತಪ್ಪಿತೆಂದು ಗೊತ್ತಾಗುತ್ತಿರಲಿಲ್ಲ.

ಇತ್ತ ಪಾಠದ ಪೆಟ್ಟಿಗೆಗಳು ಅಟ್ಟ ಸೇರುತ್ತಿದ್ದಾಗ ಅತ್ತ ಇನ್ನೊಂದು ಭರವಸೆ ಹುಟ್ಟಿಕೊಂಡಿತ್ತು. ಕೃತಕ ಬುದ್ಧಿಮತ್ತೆ ಎಂಬ ಹೆಸರಿನ ಜನ್ಮವೃತ್ತಾಂತ ಸ್ವಾರಸ್ಯವಾದದ್ದು. 1955ರಲ್ಲಿ ಜಾನ್ ಮೆಕಾರ್ತಿ ಮತ್ತು ಅವರ ಮೂವರು ಸಹೋದ್ಯೋಗಿಗಳು ರಾಕ್‌ಫೆಲರ್ ಪ್ರತಿಷ್ಠಾನಕ್ಕೆ ಸಲ್ಲಿಸಿದ ಧನಸಹಾಯದ ಅರ್ಜಿಯಲ್ಲಿ ಈ ಹೆಸರು ಕಾಣಿಸಿಕೊಂಡಿತು. ಹತ್ತು ಮಂದಿ ಎರಡು ತಿಂಗಳು ಡಾರ್ಟ್‌ಮತ್ ಕಾಲೇಜಿನಲ್ಲಿ ಒಂದು ಬೇಸಿಗೆ ಕೂತು ದುಡಿದರೆ, ಯಂತ್ರ ಭಾಷೆಯನ್ನು ಬಳಸುವಂತೆ, ತನ್ನನ್ನು ತಾನೇ ತಿದ್ದಿಕೊಳ್ಳುವಂತೆ ಮಾಡುವ ದಿಕ್ಕಿನಲ್ಲಿ ಗಣನೀಯ ಪ್ರಗತಿ ಸಾಧ್ಯವೆಂದು ಅರ್ಜಿ ಹೇಳಿತ್ತು. 1956ರ ಬೇಸಿಗೆ ಬಂದು ಹೋಯಿತು. 1958ರಲ್ಲಿ ಅಮೆರಿಕದ ನೌಕಾದಳ ಪರ್ಸೆಪ್ಟ್ರಾನ್ ಎಂಬ ಸಾಧನವನ್ನು ಪತ್ರಕರ್ತರಿಗೆ ತೋರಿಸಿತು. ಐವತ್ತು ಪ್ರಯತ್ನಗಳ ತರುವಾಯ ಅದು ಎಡಕ್ಕೆ ಗುರುತಿದ್ದ ಕಾರ್ಡನ್ನೂ ಬಲಕ್ಕೆ ಗುರುತಿದ್ದ ಕಾರ್ಡನ್ನೂ ಬೇರೆ ಬೇರೆಯಾಗಿ ಗುರುತಿಸಿತು. ಮಾರನೆಯ ದಿನದ ಪತ್ರಿಕೆಯಲ್ಲಿ ಬಂದದ್ದಾದರೋ, ಮುಂದೆ ನಡೆಯುವ, ಮಾತಾಡುವ, ನೋಡುವ, ಬರೆಯುವ, ತನ್ನ ಅಸ್ತಿತ್ವದ ಅರಿವೂ ಇರುವ ಯಂತ್ರದ ಭ್ರೂಣ ಇದೆಂದು! ಮೂಗಿಗಿಂತ ಮೂಗುತಿ ಭಾರವೆಂಬ ನಮ್ಮ ಗಾದೆ ಇಂಥದಕ್ಕೇ ಹುಟ್ಟಿರಬೇಕು. 1973ರಲ್ಲಿ ಬ್ರಿಟನ್ನಿನಲ್ಲಿ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ ಅವರು ಈ ಕ್ಷೇತ್ರದ ಸಾಧನೆ ಭರವಸೆಗಿಂತ ಎಷ್ಟು ಹಿಂದಿದೆಯೆಂದು ವರದಿ ಕೊಟ್ಟರು, ಅನುದಾನಗಳು ಬತ್ತಿದವು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಪರ್ಸೆಪ್ಟ್ರಾನಿನ ಹಿಂದಿದ್ದ ಕಲ್ಪನೆ ಸುಳ್ಳಾಗಿರಲಿಲ್ಲ. ಅದೇ ಬೀಜ ಹಲವು ದಶಕಗಳ ಕಾಲ ಸದ್ದಿಲ್ಲದೆ ಬೆಳೆದು ಇಂದಿನ ಯಂತ್ರಗಳಾಗಿವೆ. ಆ ದಾರಿಯಲ್ಲಿ ದುಡಿದ ಜೆಫ್ರಿ ಹಿಂಟನ್ ಮತ್ತು ಜಾನ್ ಹಾಪ್‌ಫೀಲ್ಡ್ ಅವರಿಗೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ವಿಜ್ಞಾನ ತನ್ನ ಗತಿಯಲ್ಲಿ ನಡೆಯಿತು. ಸುಳ್ಳಾದದ್ದು ಅದರ ಹೆಸರಿನಲ್ಲಿ ಕೊಟ್ಟ ವಾಯಿದೆಗಳು.

ಈಗ 1966ನೆಯ ಇಸವಿಗೆ ಬರೋಣ. ಅದೊಂದೇ ವರ್ಷದಲ್ಲಿ ಎರಡು ಘಟನೆಗಳು ನಡೆದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಸಪ್ಪೀಸ್ ಎಂಬ ದಾರ್ಶನಿಕರು ಆ ವರ್ಷ ಒಂದು ಲೇಖನ ಬರೆದರು. ಮೆಸಿಡೋನಿಯದ ದೊರೆ ಫಿಲಿಪ್ಪನ ಮಗ ಅಲೆಗ್ಸಾಂಡರನಿಗೆ ಅರಿಸ್ಟಾಟಲನಂಥ ಗುರು ದೊರೆತದ್ದು ರಾಜಯೋಗ. ಇನ್ನು ಕೆಲವೇ ವರ್ಷಗಳಲ್ಲಿ ಗಣಕಯಂತ್ರದಿಂದಾಗಿ ಲಕ್ಷಾಂತರ ಶಾಲಾಮಕ್ಕಳಿಗೆ ಅಂಥ ಗುರುವಿನ ಸೇವೆ ದೊರೆಯಲಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಸಪ್ಪೀಸ್ ಅವರು ಬರಿಯ ಮಾತಿನವರಲ್ಲ. ಕ್ಯಾಲಿಫೋರ್ನಿಯದ ಶಾಲೆಗಳಲ್ಲಿ ಮಕ್ಕಳಿಗೆ ಗಣಕಯಂತ್ರದಿಂದ ಗಣಿತದ ಅಭ್ಯಾಸ ಮಾಡಿಸಿದವರು. ಆದರೂ ಆ ಅರಿಸ್ಟಾಟಲ್ ಬರಲಿಲ್ಲ. ಅರುವತ್ತು ವರ್ಷಗಳ ಬಳಿಕ ಇಂದಿನ ಜಾಹೀರಾತುಗಳಲ್ಲಿ ಹೆಚ್ಚುಕಡಿಮೆ ಅದೇ ವಾಕ್ಯ ಹೊಸ ಸರಕಿನಂತೆ ಮಾರಾಟವಾಗುತ್ತಿದೆ.

ಅದೇ 1966ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬವರು ಎಲಿಜಾ ಎಂಬ ಕ್ರಮವಿಧಿಯ ಕುರಿತು ಪ್ರಬಂಧ ಪ್ರಕಟಿಸಿದರು. ವೈಜೆನ್‌ಬಾಮ್ ಹುಟ್ಟಿದ್ದು 1923ರಲ್ಲಿ ಬರ್ಲಿನ್ನಿನ ಯೆಹೂದ್ಯರ ಮನೆಯಲ್ಲಿ. ಹಿಟ್ಲರನ ಕಾಟದಿಂದ 1936ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಬಂದಿತ್ತು. ಎಲಿಜಾ ಮಾಡುತ್ತಿದ್ದುದು ಬಹಳ ಸರಳವಾದ ಕೆಲಸ. ನನಗೆ ಅಮ್ಮನ ಚಿಂತೆ ಎಂದು ಬರೆದರೆ, ನಿಮ್ಮ ಅಮ್ಮನ ವಿಷಯ ಇನ್ನಷ್ಟು ಹೇಳಿ ಎಂಬಂತೆ ನಮ್ಮ ಮಾತನ್ನೇ ತಿರುಗಿಸಿ ಕೊಡುತ್ತಿತ್ತು. ಅದಕ್ಕೆ ಅಮ್ಮ ಎಂದರೇನೆಂಬ ಅರಿವು ಕಿಂಚಿತ್ತೂ ಇರಲಿಲ್ಲ. ಆದರೂ ಅವರ ಕಚೇರಿಯ ಕಾರ್ಯದರ್ಶಿ, ತಿಂಗಳುಗಟ್ಟಲೆ ಆ ಕ್ರಮವಿಧಿ ಸಿದ್ಧವಾಗುವುದನ್ನು ಕಂಡಿದ್ದಾಕೆ, ಅದರೊಡನೆ ಸ್ವಲ್ಪ ಹೊತ್ತು ಸಂಭಾಷಿಸಿ, ನೀವು ಕೋಣೆಯಿಂದ ಹೊರಗೆ ಹೋಗುತ್ತೀರಾ ಎಂದು ವೈಜೆನ್‌ಬಾಮರನ್ನೇ ಕೇಳಿದಳಂತೆ. ಮನೋವೈದ್ಯರಲ್ಲಿ ಕೆಲವರು ರೋಗಿಗಳ ಚಿಕಿತ್ಸೆಗೆ ಇದನ್ನೇ ಬಳಸಬಹುದೆಂದರು. ತಾವೇ ಕಟ್ಟಿದ ಯಂತ್ರಕ್ಕೆ ಜನ ಇಷ್ಟು ಬೇಗ ಮನಸ್ಸನ್ನು ಆರೋಪಿಸಿದ್ದನ್ನು ಕಂಡು ಅವರು ತಲ್ಲಣಿಸಿದರು. 1976ರಲ್ಲಿ ಪುಸ್ತಕ ಬರೆದು, ಯಂತ್ರದಿಂದ ಮಾಡಿಸಲು ಸಾಧ್ಯವಾದ ಕೆಲಸಗಳಲ್ಲೂ ಮಾಡಿಸಬಾರದ ಕೆಲಸಗಳಿವೆಯೆಂದು ವಾದಿಸಿದರು. 2008ರಲ್ಲಿ ತೀರಿಕೊಳ್ಳುವವರೆಗೂ ಆ ವಾದವನ್ನು ಅವರು ಬಿಡಲಿಲ್ಲ.

ಅಮೆರಿಕದ ಕಥೆ ಸಾಕು, ನಮ್ಮಲ್ಲೇನಾಯಿತು ಎಂದು ವಾಚಕರು ಕೇಳಬಹುದು. ನಮ್ಮಲ್ಲಿ ನಡೆದ ಒಂದು ಪ್ರಯೋಗ ನಿಜಕ್ಕೂ ಹೆಮ್ಮೆಯದು, ಅದರಲ್ಲಿ ಕನ್ನಡನಾಡಿನ ಹಳ್ಳಿಗಳ ಪಾಲೂ ಇತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ಸಂಸ್ಥೆ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ದೂರದರ್ಶನ ಮುಟ್ಟಿಸಿತು. ಸೈಟ್ ಎಂದು ಹೆಸರಾದ ಈ ಯೋಜನೆಯ ಕನಸು ವಿಕ್ರಮ್ ಸಾರಾಭಾಯಿ ಅವರದು. 1971ರಲ್ಲಿ ಅವರು ತೀರಿಕೊಂಡ ಮೇಲೆ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಪ್ರೊಫೆಸರ್ ಯಶಪಾಲ್ ಮತ್ತು ಸಂಗಡಿಗರು ಅದನ್ನು ನಡೆಸಿದರು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದಕ್ಕೆ ಸೇರಿದ್ದವು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ತಂತಿಬಲೆಯ ಕೊಡೆಯಂಥ ಆಂಟೆನಾದ ಕೆಳಗೆ ಇಟ್ಟ ಪೆಟ್ಟಿಗೆಯ ಮುಂದೆ ಬೆಳಿಗ್ಗೆ ಶಾಲೆಯ ಮಕ್ಕಳು, ಸಂಜೆ ಊರಿನವರು ಸೇರುತ್ತಿದ್ದರು.

ಆಗಲೂ ಪ್ರಚಾರಕ್ಕೆ ಕೊರತೆ ಇರಲಿಲ್ಲ. ಮಾಸ್ತರರ ಕೊರತೆ, ಅನಕ್ಷರತೆ, ಬಡತನ ಎಲ್ಲಕ್ಕೂ ಆಕಾಶದಿಂದಲೇ ಪರಿಹಾರ ಇಳಿಯುವುದೆಂದು ನಂಬಿದವರಿದ್ದರು. ಯೋಜನೆಯನ್ನು ನಡೆಸಿದವರು ಮಾತ್ರ ಎಚ್ಚರದಲ್ಲಿದ್ದರು. ಅವರು ಯಂತ್ರದ ಜೊತೆಗೇ ಸಮಾಜವಿಜ್ಞಾನಿಗಳನ್ನೂ ಹಳ್ಳಿಗಳಿಗೆ ಕಳಿಸಿದರು, ಏನಾಯಿತೆಂದು ಅಳೆಯಿಸಿದರು, ಬಂದ ಉತ್ತರವನ್ನು ಮುಚ್ಚಿಡಲಿಲ್ಲ. ಸಂಜೆಯ ಕಾರ್ಯಕ್ರಮಗಳಿಂದ ಆರೋಗ್ಯ, ಪೌಷ್ಟಿಕ ಆಹಾರದಂಥ ವಿಷಯಗಳಲ್ಲಿ ಓದುಬರಹವಿಲ್ಲದ ಹೆಂಗಸರಿಗೂ ತಿಳಿವಳಿಕೆ ಬಂದಿತ್ತು. ಮಕ್ಕಳಲ್ಲಿ ಕುತೂಹಲ ಕುದುರಿತ್ತು. ಆದರೆ ಬೆಳಗಿನ ಪಾಠದಿಂದ ಶಾಲೆಗೆ ಬರುವ ಮಕ್ಕಳ ಸಂಖ್ಯೆ ಏರಲಿಲ್ಲ, ಶಾಲೆಯ ಓದಿನಲ್ಲಿ ದೊಡ್ಡ ಅಂತರವೂ ಕಾಣಲಿಲ್ಲ. ಬೆಳಗಿನ ಒಂದೂವರೆ ಗಂಟೆಯನ್ನು ನಾಲ್ಕು ಭಾಷೆಗಳು ಹಂಚಿಕೊಂಡಾಗ ಕನ್ನಡದ ಮಗುವಿಗೆ ಸಿಗುತ್ತಿದ್ದುದು ಇಪ್ಪತ್ತೆರಡು ನಿಮಿಷ. ಮಿಕ್ಕ ದಿನವೆಲ್ಲ ಹಳೆಯ ಶಾಲೆ, ಹಳೆಯ ಮಾಸ್ತರರು. ಅದಕ್ಕೇ ಆ ಯೋಜನೆಯ ಬಹು ದೊಡ್ಡ ಕೆಲಸವೆಂದು ನಮಗೆ ತೋರುವುದು ಇನ್ನೊಂದು: ಅದೇ ಉಪಗ್ರಹದ ನೆರವಿನಿಂದ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ನಡೆಯಿತು. ಅಲ್ಲಿ ಯಂತ್ರ ಮಾಸ್ತರರ ಬೆನ್ನಿಗೆ ನಿಂತಿತು. ವರ್ಷ ತುಂಬಿದ ಕೂಡಲೇ ಉಪಗ್ರಹ ಹಿಂದಕ್ಕೆ ಹೋಯಿತು. ಕಲಿತ ಮಾಸ್ತರರು ಊರಲ್ಲೇ ಉಳಿದರು.

ಆ ಪಾಠವನ್ನು ಜಗತ್ತು ನೆನಪಿಟ್ಟುಕೊಂಡಿತೆ? 2005ರಲ್ಲಿ ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಘೋಷಣೆ ಹೊರಟಿತು. ನೂರು ಡಾಲರಿನ ಯಂತ್ರವನ್ನು ಮಗುವಿನ ಕೈಗಿತ್ತರೆ ಮಗು ತಾನೇ ಕಲಿಯುತ್ತದೆ ಎಂಬುದು ಆ ಘೋಷಣೆಯ ಹಿಂದಿನ ತತ್ತ್ವ. ದಕ್ಷಿಣ ಅಮೆರಿಕದ ಪೆರು ದೇಶ ಲಕ್ಷಗಟ್ಟಲೆ ಯಂತ್ರಗಳನ್ನು ಕೊಂಡು ಗುಡ್ಡಗಾಡಿನ ಶಾಲೆಗಳಿಗೂ ಹಂಚಿತು. 2012ರಲ್ಲಿ 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ ಹೊರಬಿತ್ತು: ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದ ಕುರುಹು ಸಿಗಲಿಲ್ಲ.

2020ರಲ್ಲಿ ಕೊರೋನಾ ಬಂದು ಲೋಕದ ಶಾಲೆಗಳನ್ನೆಲ್ಲ ಮುಚ್ಚಿಸಿದಾಗ ಎರಡು ದೇಶಗಳಲ್ಲಿ ನಡೆದದ್ದನ್ನು ಹೋಲಿಸಿ ನೋಡಬಹುದು. ಇಂಗ್ಲೆಂಡಿನಲ್ಲಿ ಪರೀಕ್ಷೆಗಳು ರದ್ದಾದವು. ಶಿಕ್ಷಕರು ಅಂದಾಜಿಸಿದ ದರ್ಜೆಗಳನ್ನು ಗಣಕಯಂತ್ರದ ಒಂದು ಸೂತ್ರಕ್ಕೆ ಹಾಕಿ, ಆಯಾ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶಕ್ಕೆ ಅನುಗುಣವಾಗಿ ಏರಿಳಿಸಲಾಯಿತು. ಇಂದಿನ ಅರ್ಥದಲ್ಲಿ ಅದು ಕೃತಕ ಬುದ್ಧಿಮತ್ತೆಯಲ್ಲ, ಸಂಖ್ಯಾಶಾಸ್ತ್ರದ ಲೆಕ್ಕ. ಆದರೆ ಮನುಷ್ಯರ ತೀರ್ಮಾನವನ್ನು ಯಂತ್ರದ ಕೈಗಿಟ್ಟ ಬಗೆ ಒಂದೇ. ಆಗಸ್ಟ್ 13ರಂದು ಫಲಿತಾಂಶ ಬಂದಾಗ ಶಿಕ್ಷಕರು ಕೊಟ್ಟಿದ್ದ ದರ್ಜೆಗಳಲ್ಲಿ ಶೇಕಡ 40ರ ಹತ್ತಿರದಷ್ಟು ಕೆಳಗಿಳಿದಿದ್ದವು. ಸಣ್ಣ ತರಗತಿಗಳ ಖಾಸಗಿ ಶಾಲೆಗಳಿಗೆ ಲಾಭವಾಯಿತು. ಹಿಂದುಳಿದ ಶಾಲೆಯಲ್ಲಿ ಓದಿದ ಜಾಣ ಹುಡುಗ ತನ್ನ ಶಾಲೆಯ ಹಣೆಬರಹವನ್ನು ಹೊರಬೇಕಾಯಿತು. ವಿದ್ಯಾರ್ಥಿಗಳು ಲಂಡನ್ನಿನ ಬೀದಿಗಿಳಿದರು. ಆಗಸ್ಟ್ 17ರಂದು ಸರಕಾರ ಸೂತ್ರವನ್ನು ಹಿಂತೆಗೆದುಕೊಂಡು ಶಿಕ್ಷಕರ ಅಂದಾಜನ್ನೇ ಒಪ್ಪಿತು.

ಅದೇ ಆಗಸ್ಟಿನಲ್ಲಿ ಕರ್ನಾಟಕದ ಸರಕಾರಿ ಶಾಲೆಗಳ ಶಿಕ್ಷಕರು ವಿದ್ಯಾಗಮ ಎಂಬ ಯೋಜನೆಯಲ್ಲಿ ಹಳ್ಳಿಹಳ್ಳಿಗೆ ನಡೆದರು. ಫೋನು ಇಲ್ಲದ, ಫೋನಿದ್ದರೂ ಸಂಪರ್ಕ ಸಿಗದ ಮನೆಗಳ ಮಕ್ಕಳನ್ನು ಅರಳಿಕಟ್ಟೆಯಲ್ಲಿ, ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಕೂರಿಸಿ ಪಾಠ ಹೇಳಿದರು. ಸೋಂಕಿನ ಸುದ್ದಿಗಳು ಬಂದಾಗ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಅಪಾಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಪರದೆಯ ಪಾಠ ಮುಟ್ಟದಲ್ಲಿಗೆ ಮುಟ್ಟಿದವರು ಯಾರೆಂಬುದು ಆ ಎರಡು ತಿಂಗಳಲ್ಲಿ ಸ್ಪಷ್ಟವಾಯಿತು. ಅದೇ ಕಾಲದಲ್ಲಿ ಪರದೆಯ ಪಾಠ ಮಾರುವ ಕಂಪನಿಗಳ ಬೆಲೆ ಗಗನಕ್ಕೇರಿತು. ಬೆಂಗಳೂರಿನಲ್ಲಿ ನೆಲೆಸಿದ್ದ ಬೈಜೂಸ್ ಕಂಪನಿಯನ್ನು 2022ರಲ್ಲಿ 2,200 ಕೋಟಿ ಡಾಲರು ಬಾಳುವುದೆಂದು ಹೂಡಿಕೆದಾರರು ಎಣಿಸಿದ್ದರು; 2024ರ ಜುಲೈಯಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು.

ಇನ್ನು ಇಂದಿನ ಯಂತ್ರ. ಇದು ಎಲಿಜಾದಂತೆ ಮಕ್ಕಳಾಟಿಕೆಯಲ್ಲ, ಒಪ್ಪಿಕೊಳ್ಳೋಣ. ಕೋಟ್ಯಂತರ ಪುಟಗಳ ಬರಹವನ್ನು ಅರೆದು ಕುಡಿದು, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಂಭವವೆಂದು ಲೆಕ್ಕ ಹಾಕುತ್ತ ಅದು ವಾಕ್ಯ ಕಟ್ಟುತ್ತದೆ. ಆ ಲೆಕ್ಕ ಎಷ್ಟು ಸೂಕ್ಷ್ಮವೆಂದರೆ ಬಹಳ ಸಲ ಉತ್ತರ ಸರಿಯಾಗಿಯೇ ಇರುತ್ತದೆ. ತಪ್ಪಿದಾಗಲೂ ಅದೇ ಠೀವಿಯಿಂದ ತಪ್ಪುತ್ತದೆ. ಮೇಷ್ಟರಾದರೆ ತಡವರಿಸುತ್ತಾರೆ, ನಾಳೆ ನೋಡಿ ಹೇಳುತ್ತೇನೆ ಎನ್ನುತ್ತಾರೆ. ಆ ತಡವರಿಕೆಯಿಂದಲೂ ಮಗು ಕಲಿಯುತ್ತದೆ.

2023ರಲ್ಲಿ ಟರ್ಕಿ ದೇಶದ ಒಂದು ಪ್ರೌಢಶಾಲೆಯಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಗಣಿತದ ಅಭ್ಯಾಸಕ್ಕೆ ಈ ಯಂತ್ರವನ್ನು ಬಳಸಿದ ಮಕ್ಕಳು, ಬಳಸದವರಿಗಿಂತ ಅಭ್ಯಾಸದ ಲೆಕ್ಕಗಳನ್ನು ಶೇಕಡ 48ರಷ್ಟು ಚೆನ್ನಾಗಿ ಮಾಡಿದರು. ಬಳಿಕ ಯಂತ್ರವನ್ನು ತೆಗೆದಿಟ್ಟು ಪರೀಕ್ಷೆ ಕೊಟ್ಟಾಗ ಅದೇ ಮಕ್ಕಳು, ಯಂತ್ರವನ್ನೇ ಕಾಣದವರಿಗಿಂತ ಶೇಕಡ 17ರಷ್ಟು ಹಿಂದೆ ಬಿದ್ದರು. ಊರುಗೋಲು ಕಾಲಿನ ಬಲವನ್ನು ತಿಂದಿತ್ತು. ಇನ್ನೊಂದು ಗುಂಪಿಗೆ ಕೊಟ್ಟ ಯಂತ್ರಕ್ಕೆ ನೇರವಾಗಿ ಉತ್ತರ ಹೇಳದಂತೆ ಕಟ್ಟುಪಾಡು ಹಾಕಿ, ಶಿಕ್ಷಕರು ಬರೆದುಕೊಟ್ಟ ಸುಳಿವುಗಳನ್ನು ತುಂಬಿದ್ದರು. ಆ ಗುಂಪಿಗೆ ಪರೀಕ್ಷೆಯಲ್ಲಿ ಅಂಥ ಹಾನಿ ಆಗಲಿಲ್ಲ, ಹೇಳಿಕೊಳ್ಳುವ ಲಾಭವೂ ಆಗಲಿಲ್ಲ. ಹಾನಿಯನ್ನು ತಡೆದದ್ದು ಆ ಕಟ್ಟುಪಾಡು, ಮತ್ತು ಮಗು ಎಲ್ಲಿ ಎಡವುತ್ತದೆಂದು ಬಲ್ಲ ಶಿಕ್ಷಕರ ಅನುಭವ.

ಈ ನೂರು ಚಿಲ್ಲರೆ ವರ್ಷಗಳ ಚರಿತ್ರೆಯನ್ನು ಒಟ್ಟಿಗೆ ನೋಡಿದರೆ ಕೆಲವು ಮಾತುಗಳು ತಾವಾಗಿ ಹೊರಡುತ್ತವೆ. ದೊಡ್ಡ ಭರವಸೆ ಬಹಳ ಸಲ ಮಾರುವವನ ಬಾಯಿಂದಲೇ ಬಂದಿದೆ. ಗಡುವು ಯಾವಾಗಲೂ ಹತ್ತು ವರ್ಷವೋ ಕೆಲವೇ ವರ್ಷವೋ ಆಗಿರುತ್ತದೆ, ಅದು ಮೀರಿದಾಗ ಕೇಳುವವರಿರುವುದಿಲ್ಲ. ಯಂತ್ರದ ಪ್ರಯೋಗ ನಡೆಯುವುದು ಬಹುತೇಕ ಬಡವರ ಮಕ್ಕಳ ಮೇಲೆ. ಉಳ್ಳವರು ತಮ್ಮ ಮಕ್ಕಳಿಗೆ ಮನುಷ್ಯರನ್ನೇ ಗೊತ್ತುಮಾಡುತ್ತಾರೆ. ಅಲೆಗ್ಸಾಂಡರನ ತಂದೆ ಮಾಡಿದ್ದೂ ಅದನ್ನೇ. ಯಂತ್ರ ಫಲ ಕೊಟ್ಟಲ್ಲೆಲ್ಲ ಅದರ ಬಳಿ ಒಬ್ಬ ಬಲ್ಲ ಶಿಕ್ಷಕ ನಿಂತಿರುತ್ತಾನೆ.

ನಮ್ಮ ಮನೆಯ ಮಾತಿಗೆ ಬಂದರೆ, ಕನ್ನಡದ ಸಂಗತಿ ಇನ್ನೂ ಸೂಕ್ಷ್ಮ. ಯಂತ್ರ ಕಲಿತದ್ದು ಬರೆದಿಟ್ಟ ಮಾತಿನಿಂದ. ಇಂಗ್ಲಿಷಿನ ಬರಹದ ರಾಶಿಯ ಮುಂದೆ ಅಂತರಜಾಲದಲ್ಲಿರುವ ಕನ್ನಡ ಹಿಡಿಯಷ್ಟು. ಆದ್ದರಿಂದ ಅದರ ಕನ್ನಡ ಬಹಳ ಸಲ ಅನುವಾದದ ಕನ್ನಡ, ಗ್ರಂಥದ ಕನ್ನಡ. ಕುಂದಾಪುರದ ಅಜ್ಜಿಯ ಕನ್ನಡ, ಧಾರವಾಡದ ಸೋದರಮಾವನ ಕನ್ನಡ, ಮೈಸೂರಿನ ಚಿಕ್ಕಮ್ಮನ ಕನ್ನಡ ಅದಕ್ಕೆ ಅಷ್ಟಾಗಿ ಸಿಕ್ಕಿಲ್ಲ. ಹೊರನಾಡಿನ ನಮ್ಮ ಮಕ್ಕಳಿಗೆ ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು, ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡಕ್ಕಿರುವುದು ಮನೆ, ಮತ್ತು ವಾರಕ್ಕೊಮ್ಮೆ ಸಂಘದ ತರಗತಿ. ಯಾರೊಡನೆಯಾದರೂ ಮಾತಾಡಬೇಕೆಂಬ ಆಸೆ ಇದ್ದಾಗಲೇ ಮಗು ಭಾಷೆ ಕಲಿಯುವುದು. ಆ ಆಸೆ ಹುಟ್ಟಲು ಎದುರಿಗೆ ಒಬ್ಬ ಮನುಷ್ಯ ಬೇಕು.

ಹಾಗೆಂದು ಯಂತ್ರವನ್ನು ಹೊಸ್ತಿಲಾಚೆ ಇಡಿ ಎಂದು ನಾವು ಹೇಳುವುದಿಲ್ಲ. ಮುಂಬಯಿಯಲ್ಲಿ ಬಹುಕಾಲ ಇದ್ದ ಕೆ.ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದಲೇ ಇಂದು ಕನ್ನಡಿಗರು ಗಣಕಯಂತ್ರದಲ್ಲಿ ಬರೆಯುತ್ತಿದ್ದಾರೆ; ನುಡಿ ತಂತ್ರಾಂಶಕ್ಕೂ ಅದೇ ಆಧಾರ. ಶಾಲೆಗಳೇ ಮಾಯವಾಗುತ್ತವೆ ಎಂಬ ಘೋಷಣೆ ಆ ಕೆಲಸದ ಹಿಂದೆ ಇರಲಿಲ್ಲ. ಕನ್ನಡ ಬರೆಯುವವನ ಕೈಗೆ ಒಂದು ಸಾಧನ ಸಿಕ್ಕಿತು, ಅಷ್ಟೆ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳಲು, ಜೀರ್ಣವಾದ ಹಳೆಯ ಸಂಚಿಕೆಗಳ ಅಕ್ಷರಗಳನ್ನು ಉಳಿಸಿಕೊಳ್ಳಲು, ಕನ್ನಡದ ಶಿಕ್ಷಕಿಗೆ ಅಭ್ಯಾಸದ ಹಾಳೆ ತಯಾರಿಸಲು ಇಂದಿನ ಯಂತ್ರ ಬಂದರೆ ಸ್ವಾಗತವೇ.

ಯಂತ್ರಶಿಕ್ಷಕನನ್ನು ಹೊತ್ತು ಬರುವವರಿಗೆ ಕೇಳಬೇಕಾದ ಪ್ರಶ್ನೆಗಳು ಮೂರೇ ಮೂರು. ಯಂತ್ರವನ್ನು ಮುಚ್ಚಿಟ್ಟ ಮೇಲೆ ಮಗುವಿಗೆ ಎಷ್ಟು ಬರುತ್ತದೆಂದು ಅಳೆದು ನೋಡಿದ್ದೀರಾ? ಅಳೆದವರು ನೀವೋ ಬೇರೆಯವರೋ? ನಿಮ್ಮ ಕಂಪನಿ ಮುಚ್ಚಿದ ಮಾರನೆಯ ದಿನ ನಮ್ಮ ಮಗುವಿನ ಬಳಿ ಉಳಿಯುವುದೇನು? ಉತ್ತರ ನೆಟ್ಟಗೆ ಬಂದರೆ ಕೊಳ್ಳೋಣ.

ಆದರೆ ಭಾನುವಾರದ ಕನ್ನಡ ತರಗತಿಯ ಬಾಡಿಗೆ ಕೋಣೆಯನ್ನು ಆ ಹಣಕ್ಕಾಗಿ ಬಿಟ್ಟುಕೊಡುವುದು ಬೇಡ. ಶಿಕ್ಷಕಿಯ ಗೌರವಧನ ಇನ್ನಷ್ಟು ಹೆಚ್ಚಲಿ. ನಿವೃತ್ತರಾದ ಹಿರಿಯರು ತಿಂಗಳಿಗೊಂದು ಭಾನುವಾರ ಅಲ್ಲಿ ಕೂತು ಮಕ್ಕಳಿಗೆ ತಮ್ಮೂರಿನ ಕಥೆ ಹೇಳಲಿ. ಮನೆಯಲ್ಲಿ ರಾತ್ರಿಯ ಊಟದ ಹೊತ್ತಾದರೂ ಕನ್ನಡ ನಡೆಯಲಿ. ಇವುಗಳಲ್ಲಿ ಯಾವುದಕ್ಕೂ ಹತ್ತು ವರ್ಷದ ವಾಯಿದೆ ಬೇಕಿಲ್ಲ. ಬರುವ ಭಾನುವಾರವೇ ಆರಂಭಿಸಬಹುದು.